ನೆನಪಿನ ಶಕ್ತಿ ಮತ್ತು ಮೆದುಳಿನ ರಕ್ತ ಸಂಚಾರ

ಮನೆಯ ಹಿರಿಯರೊಬ್ಬರು ಅಸರ್ ನಮಾಝ್ ಮುಗಿಸಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅದೇ ನಮಾಝ್‌ಗೆಂದು ಮತ್ತೆ ವುಝೂ ಮಾಡಲು ಏಳುತ್ತಾರೆ. ಬೆಳಿಗ್ಗೆ ಕೇಳಿದ ಪ್ರಶ್ನೆಯನ್ನೇ ಮಧ್ಯಾಹ್ನದೊಳಗೆ ನಾಲ್ಕು ಸಲ ಕೇಳುತ್ತಾರೆ. ಆದರೆ ಐವತ್ತು ವರ್ಷಗಳ ಹಿಂದೆ ಮದ್ರಸದಲ್ಲಿ ಕಲಿತ ಸೂರಃಗಳನ್ನು ಒಂದಕ್ಷರ ತಪ್ಪದೆ ಓದುತ್ತಾರೆ. ಇದನ್ನು ಕಂಡಾಗ ನಾವು ಸಾಮಾನ್ಯವಾಗಿ ಎರಡರಲ್ಲೊಂದು ಮಾತು ಹೇಳುತ್ತೇವೆ. ಒಂದು, ಅರವತ್ತಕ್ಕೆ ಅರಳು ಮರಳು, ವಯಸ್ಸಾಯಿತು. ಇನ್ನೊಂದು, ಯಾರದೋ ದೃಷ್ಟಿ ತಗಲಿರಬೇಕು. ಮಾತು ಅಲ್ಲಿಗೇ ನಿಲ್ಲುತ್ತದೆ. ಅವರ ಬಿ.ಪಿ. ನೋಡಿಸಿ ಎಷ್ಟು ತಿಂಗಳಾಯಿತು ಎಂದು ಕೇಳುವವರು ಕಡಿಮೆ.

ನೆನಪಿಗೂ ಬಿ.ಪಿ.ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಮೆದುಳು ಕೆಲಸ ಮಾಡುತ್ತಿರುವಾಗಲೇ ಅದರ ಚಿತ್ರ ತೆಗೆಯುವ ಯಂತ್ರಗಳು ಬಂದ ಮೇಲೆ ಈ ಸಂಬಂಧವನ್ನು ಕಣ್ಣಾರೆ ನೋಡಲು ಸಾಧ್ಯವಾಗಿದೆ.

ದಾಸ್ತಾನು ಇಲ್ಲದ ಅಂಗ

ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2 ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ನಾವು ಮಲಗಿರುವಾಗಲೂ ಅದರ ಬೇಡಿಕೆ ಹೆಚ್ಚೇನೂ ತಗ್ಗುವುದಿಲ್ಲ. ಸ್ನಾಯುಗಳಂತೆ, ಯಕೃತ್ತಿನಂತೆ ಮೆದುಳು ತನಗೆ ಬೇಕಾದುದನ್ನು ಕೂಡಿಟ್ಟುಕೊಳ್ಳಲಾರದು. ಕ್ಷಣಕ್ಷಣಕ್ಕೂ ರಕ್ತವೇ ತಂದುಕೊಡಬೇಕು. ಮೆದುಳಿಗೆ ಹೋಗುವ ರಕ್ತ ಪೂರ್ತಿ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಕೆಲವೇ ನಿಮಿಷಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ.

ಇಡೀ ಮೆದುಳಿಗೆ ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ರಕ್ತ ಹರಿಯುವುದೂ ಇಲ್ಲ. ಯಾವ ಭಾಗ ಹೆಚ್ಚು ದುಡಿಯುತ್ತದೆಯೋ ಆ ಭಾಗದ ಸಣ್ಣ ರಕ್ತನಾಳಗಳು ಹಿಗ್ಗಿ, ಅಲ್ಲಿಗೆ ಹೆಚ್ಚು ರಕ್ತ ಹರಿಯುತ್ತದೆ. ಓದುವಾಗ ಒಂದು ಕಡೆ, ಕೈ ಆಡಿಸುವಾಗ ಇನ್ನೊಂದು ಕಡೆ, ಹಳೆಯ ಸಂಗತಿಯನ್ನು ನೆನೆಯುವಾಗ ಮತ್ತೊಂದು ಕಡೆ. ಅಲ್ಲಾಹನು ನಮ್ಮ ತಲೆಯೊಳಗೆ ಇಟ್ಟಿರುವ ಈ ಸೂಕ್ಷ್ಮ ವ್ಯವಸ್ಥೆ ಮನುಷ್ಯನಿಗೆ ಗೊತ್ತಾಗಿ ಇನ್ನೂ ನೂರೈವತ್ತು ವರ್ಷವೂ ಆಗಿಲ್ಲ.

ಗಂಟೆಯ ಸದ್ದಿಗೆ ಮಿಡಿದ ಮೆದುಳು

ಇಟಲಿಯ ಟ್ಯೂರಿನ್ ನಗರದಲ್ಲಿ ಏಂಜೆಲೊ ಮೋಸೊ ಎಂಬ ವಿಜ್ಞಾನಿಯಿದ್ದರು. ಅವರ ಬಳಿಗೆ ಬರ್ಟಿನೊ ಎಂಬ ರೈತ ಬಂದ. ತಲೆಗೆ ಪೆಟ್ಟಾಗಿ ಅವನ ಬುರುಡೆಯಲ್ಲಿ ತೂತಾಗಿತ್ತು. ಅದರ ಮೂಲಕ ಮೆದುಳು ಮಿಡಿಯುವುದನ್ನು ಅಳೆಯಲು ಸಾಧ್ಯವಿತ್ತು. ಒಂದು ದಿನ ಮಧ್ಯಾಹ್ನ ಚರ್ಚಿನ ಗಂಟೆ ಬಾರಿಸಿತು. ತಕ್ಷಣ ಮೆದುಳಿನ ಮಿಡಿತ ಏರಿತು. ಆದರೆ ಕೈಯ ನಾಡಿಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಗಂಟೆ ಕೇಳಿ ಪ್ರಾರ್ಥನೆಯ ನೆನಪಾಯಿತೇ ಎಂದು ಮೋಸೊ ಕೇಳಿದರು. ಹೌದು ಎಂದ ಬರ್ಟಿನೊ. ಆಗ ಮಿಡಿತ ಮತ್ತೊಮ್ಮೆ ಏರಿತು. ಎಂಟು ಹನ್ನೆರಡಲೆ ಎಷ್ಟು ಎಂದು ಕೇಳಿದಾಗಲೂ ಹಾಗೆಯೇ ಆಯಿತು.

ಅದಾನ್ ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ನಮಾಝ್‌ನ ಕಡೆ ತಿರುಗುತ್ತದಲ್ಲ, ಆ ಕ್ಷಣದಲ್ಲಿ ನಮ್ಮ ಮೆದುಳಿನೊಳಗೂ ರಕ್ತದ ಹರಿವು ಹೀಗೆಯೇ ಬದಲಾಗುತ್ತದೆ. ಮೋಸೊ ತಮ್ಮ ಈ ಅಧ್ಯಯನವನ್ನು ಪ್ರಕಟಿಸಿದ್ದು 1880ರ ದಶಕದ ಆರಂಭದಲ್ಲಿ. 1890ರಲ್ಲಿ ಇಂಗ್ಲೆಂಡಿನ ರಾಯ್ ಮತ್ತು ಶೆರಿಂಗ್ಟನ್ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಮೆದುಳು ತನ್ನ ಕೆಲಸಕ್ಕೆ ತಕ್ಕಂತೆ ರಕ್ತವನ್ನು ಕರೆಸಿಕೊಳ್ಳುತ್ತದೆ ಎಂದು ಹೇಳಿದರು.

ಆಯಸ್ಕಾಂತ ತೋರಿಸಿಕೊಟ್ಟ ರಕ್ತ

ಬುರುಡೆ ಒಡೆಯದೆ ಇದನ್ನು ನೋಡುವುದು ಹೇಗೆ? ಉತ್ತರ ನಮ್ಮ ರಕ್ತದಲ್ಲೇ ಇತ್ತು. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಅಂಶವಿದೆ. ಆಮ್ಲಜನಕ ಹೊತ್ತ ರಕ್ತ ಮತ್ತು ಆಮ್ಲಜನಕ ಕೊಟ್ಟು ಮುಗಿಸಿದ ರಕ್ತ, ಇವೆರಡೂ ಆಯಸ್ಕಾಂತದ ಎದುರು ಬೇರೆ ಬೇರೆ ರೀತಿ ವರ್ತಿಸುತ್ತವೆ ಎಂಬುದನ್ನು 1936ರಲ್ಲೇ ಅಮೆರಿಕದ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ತೋರಿಸಿದ್ದರು. 1990ರಲ್ಲಿ ಜಪಾನ್ ಮೂಲದ ಸೇಜಿ ಒಗಾವಾ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಈ ವ್ಯತ್ಯಾಸವನ್ನು ಎಂಆರ್‌ಐ ಯಂತ್ರದಿಂದ ಹಿಡಿದರು. ಎರಡು ವರ್ಷಗಳಲ್ಲಿ ಮನುಷ್ಯರ ಮೆದುಳಿನ ಚಿತ್ರಗಳೂ ಬಂದವು. ಇದಕ್ಕೆ ಫಂಕ್ಷನಲ್ ಎಂಆರ್‌ಐ, ಅಂದರೆ ಎಫ್‌ಎಂಆರ್‌ಐ ಎನ್ನುತ್ತಾರೆ. ಸಾಮಾನ್ಯ ಎಂಆರ್‌ಐ ಮೆದುಳಿನ ರಚನೆಯನ್ನು ತೋರಿಸಿದರೆ, ಇದು ಯಾವ ಭಾಗ ಯಾವಾಗ ದುಡಿಯುತ್ತಿದೆ ಎಂಬುದನ್ನು ತೋರಿಸುತ್ತದೆ. ಸೂಜಿ ಬೇಡ, ಎಕ್ಸ್‌ರೇ ವಿಕಿರಣವೂ ಇಲ್ಲ.

ಒಂದು ಮಾತು ನೆನಪಿರಲಿ. ಈ ಯಂತ್ರ ನೋಡುವುದು ಆಲೋಚನೆಯನ್ನಲ್ಲ, ರಕ್ತವನ್ನು. ಮೆದುಳಿನ ಒಂದು ಭಾಗ ಚುರುಕಾಗಿ ಐದಾರು ಸೆಕೆಂಡು ಕಳೆದ ಮೇಲೆ ಅಲ್ಲಿಯ ರಕ್ತದ ಬದಲಾವಣೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಒಬ್ಬರ ಮನಸ್ಸಿನಲ್ಲೇನಿದೆ, ನಿಯ್ಯತ್ ಏನು ಎಂದು ಓದಿ ಹೇಳುವ ಯಂತ್ರ ಇದಲ್ಲ.

ನೆನಪು ಮೂಡುವ ಕ್ಷಣ

ಕಿವಿಯ ನೇರಕ್ಕೆ, ಮೆದುಳಿನ ಒಳಭಾಗದಲ್ಲಿ ಎರಡೂ ಬದಿಗೆ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಅಪಸ್ಮಾರದ ಚಿಕಿತ್ಸೆಗೆಂದು ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆಯಲಾಯಿತು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಸಂಗತಿಗಳನ್ನು ನೆನಪಿಟ್ಟುಕೊಳ್ಳಲು ಅವರಿಗೆ ಹೆಚ್ಚುಕಡಿಮೆ ಆಗಲೇ ಇಲ್ಲ. ಆದರೆ ಬಾಲ್ಯದ ನೆನಪುಗಳು ಉಳಿದಿದ್ದವು. ನಿನ್ನೆಯದು ಮರೆತು, ಮದ್ರಸದ ಪಾಠ ನೆನಪಿರುವುದು ಏಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಹೊಸ ನೆನಪು ಕೂಡಿಡಲು ಹಿಪ್ಪೊಕ್ಯಾಂಪಸ್ ಬೇಕು. ಹಳೆಯದು, ಸಾವಿರ ಸಲ ಓದಿದ್ದು, ಮೆದುಳಿನ ಬೇರೆ ಭಾಗಗಳಲ್ಲಿ ಬೇರೂರಿರುತ್ತದೆ. ಆಲ್ಝೈಮರ್ಸ್ ಕಾಯಿಲೆಯಲ್ಲಿ ಮೊದಲು ಹಾನಿಗೊಳ್ಳುವ ಭಾಗಗಳಲ್ಲಿ ಹಿಪ್ಪೊಕ್ಯಾಂಪಸ್ ಕೂಡ ಒಂದು.

1997ರಲ್ಲಿ ಲಂಡನ್ನಿನ ಎಲೀನರ್ ಮ್ಯಾಗ್ವೈರ್ ಮತ್ತು ಸಂಗಡಿಗರು ಟ್ಯಾಕ್ಸಿ ಚಾಲಕರ ಮೆದುಳಿನ ರಕ್ತ ಸಂಚಾರವನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿದರು. ನಗರದ ದಾರಿಗಳನ್ನು ನೆನೆಸಿಕೊಂಡು ಹೇಳುವಾಗ ಚಾಲಕರ ಬಲಬದಿಯ ಹಿಪ್ಪೊಕ್ಯಾಂಪಸ್ ಚುರುಕಾಗುತ್ತಿತ್ತು. 1998ರಲ್ಲಿ ಅಮೆರಿಕದ ವಿಜ್ಞಾನಿಗಳು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿದವರಿಗೆ ಒಂದೊಂದೇ ಪದ ತೋರಿಸಿ, ಬಳಿಕ ಪರೀಕ್ಷಿಸಿದರು. ನೆನಪಿನಲ್ಲಿ ಉಳಿದ ಪದಗಳನ್ನು ನೋಡುತ್ತಿದ್ದ ಹೊತ್ತಿನಲ್ಲಿ ಮೆದುಳಿನ ಕೆಲವು ಭಾಗಗಳು ಹೆಚ್ಚು ದುಡಿದಿದ್ದವು. ಮರೆತ ಪದಗಳಿಗೆ ಅಷ್ಟು ದುಡಿದಿರಲಿಲ್ಲ. ಅರ್ಥವನ್ನು ಯೋಚಿಸುತ್ತಾ ನೋಡಿದ ಪದಗಳು, ಅಕ್ಷರದ ರೂಪವನ್ನಷ್ಟೇ ನೋಡಿದ ಪದಗಳಿಗಿಂತ ಚೆನ್ನಾಗಿ ನೆನಪಿನಲ್ಲಿ ಉಳಿದವು.

ಮಕ್ಕಳಿಗೆ ಹಿಫ್ಝ್ ಮಾಡಿಸುವ ತಂದೆ ತಾಯಿಗೆ ಇದರಲ್ಲಿ ಪಾಠವಿದೆ. ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಒಂದು ಗಂಟೆ ಓದುವುದಕ್ಕಿಂತ, ಅರ್ಥವನ್ನು ತಿಳಿದು ಗಮನವಿಟ್ಟು ಅರ್ಧ ಗಂಟೆ ಓದುವುದು ಮೇಲು.

ರಕ್ತನಾಳ ಗಡುಸಾದರೆ

ಬೇಡಿಕೆ ಬಂದಾಗ ಹಿಗ್ಗಬೇಕಾದುದು ಮೆದುಳಿನ ಸಣ್ಣ ರಕ್ತನಾಳಗಳು. ವರ್ಷಗಟ್ಟಲೆ ಹತೋಟಿಯಿಲ್ಲದ ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇವು ಆ ನಾಳಗಳ ಗೋಡೆಯನ್ನು ಗಡುಸು ಮಾಡುತ್ತವೆ. ಆಗ ನಾಳ ಬೇಕಾದಷ್ಟು ಹಿಗ್ಗುವುದಿಲ್ಲ. ಕೆಲವು ಕಡೆ ಮುಚ್ಚಿಯೂ ಹೋಗುತ್ತದೆ. ನೋವಿಲ್ಲ, ಜ್ವರವಿಲ್ಲ. ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ.

2016ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡವೊಂದು 1,171 ಜನರ 7,700ಕ್ಕೂ ಹೆಚ್ಚು ಮೆದುಳಿನ ಚಿತ್ರಗಳನ್ನು ಪರಿಶೀಲಿಸಿತು. ಆಲ್ಝೈಮರ್ಸ್‌ನಲ್ಲಿ ಕಾಣುವ ಬದಲಾವಣೆಗಳ ಪೈಕಿ ಬಹಳ ಮೊದಲೇ ಆರಂಭವಾಗುವುದು ರಕ್ತ ಸಂಚಾರದ ಏರುಪೇರು ಎಂದು ಆ ತಂಡ ಕಂಡುಕೊಂಡಿತು. ರಕ್ತ ಸಂಚಾರವೊಂದೇ ಆ ಕಾಯಿಲೆಗೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ರಕ್ತನಾಳದ ಆರೋಗ್ಯ ನೆನಪಿನ ಆರೋಗ್ಯವೂ ಹೌದು ಎಂಬುದನ್ನು ಇದು ಒತ್ತಿ ಹೇಳುತ್ತದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬಿ.ಪಿ. ಇದ್ದ 9,000ಕ್ಕೂ ಹೆಚ್ಚು ಜನರಿದ್ದರು. ಬಿ.ಪಿ.ಯ ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಡುವ ಗುರಿಯೊಂದಿಗೆ ಚಿಕಿತ್ಸೆ ಪಡೆದವರಲ್ಲಿ, 140ರ ಗುರಿಯಿದ್ದವರಿಗಿಂತ, ನೆನಪು ಮತ್ತು ಗ್ರಹಿಕೆಯ ಆರಂಭಿಕ ಕುಸಿತ ಶೇ. 19ರಷ್ಟು ಕಡಿಮೆ ಕಂಡುಬಂತು. ನಿಮ್ಮ ಮನೆಯವರಿಗೆ ಯಾವ ಅಂಕಿ ಸರಿ ಎಂಬುದನ್ನು ವೈದ್ಯರೇ ಹೇಳಬೇಕು. ತೀರಾ ಇಳಿಸಿದರೆ ವೃದ್ಧರು ತಲೆ ತಿರುಗಿ ಬೀಳಬಹುದು.

ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲೂ ಇಂಥ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, 45 ದಾಟಿದ ಹಳ್ಳಿಯ ಜನರ ನೆನಪು, ರಕ್ತ, ಮೆದುಳಿನ ಚಿತ್ರಗಳನ್ನು ವರ್ಷಗಳ ಕಾಲ ಅಧ್ಯಯನ ಮಾಡುತ್ತಿದೆ. 10,000 ಜನರನ್ನು ಸೇರಿಸಿಕೊಳ್ಳುವುದು ಅದರ ಗುರಿ.

ಎಲ್ಲರಿಗೂ ಸ್ಕ್ಯಾನ್ ಬೇಕೇ?

ಬೇಡ. ಎಫ್‌ಎಂಆರ್‌ಐ ಮುಖ್ಯವಾಗಿ ಸಂಶೋಧನೆಯ ಸಾಧನ. ಗಡ್ಡೆ ಅಥವಾ ಅಪಸ್ಮಾರಕ್ಕೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವ ಮುನ್ನ ಮಾತಿನ ಭಾಗ ಎಲ್ಲಿದೆ ಎಂದು ಗುರುತಿಸಲು ವೈದ್ಯರು ಇದನ್ನು ಬಳಸುತ್ತಾರೆ. ನಿಮ್ಮ ಅಜ್ಜಿಗೆ ಮರೆವಿನ ಕಾಯಿಲೆ ಇದೆಯೇ ಎಂದು ಇದೊಂದರಿಂದ ಹೇಳಲಾಗದು. ಬಣ್ಣದ ಚಿತ್ರಕ್ಕೆ ಮರುಳಾಗಲೂ ಬಾರದು. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಯಂತ್ರದೊಳಗಿಟ್ಟು ಚಿತ್ರ ತೆಗೆದರು. ಲೆಕ್ಕಾಚಾರದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದೆ ನೋಡಿದರೆ ಸತ್ತ ಮೀನಿನ ಮೆದುಳೂ ಚುರುಕಾಗಿರುವಂತೆ ಕಂಡಿತು! ಎಚ್ಚರಿಕೆ ಕಲಿಸಲೆಂದೇ ಅವರು ಅದನ್ನು ಪ್ರಕಟಿಸಿದರು.

ಮರೆವು ಹೆಚ್ಚಾದಾಗ ವೈದ್ಯರು ಮೊದಲು ಮಾತನಾಡಿಸುತ್ತಾರೆ, ನೆನಪಿನ ಸರಳ ಪರೀಕ್ಷೆ ಮಾಡುತ್ತಾರೆ, ಬಿ.ಪಿ. ಮತ್ತು ರಕ್ತ ಪರೀಕ್ಷೆ ಮಾಡಿಸುತ್ತಾರೆ. ವಿಟಮಿನ್ ಬಿ12ರ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳು ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆಯಿದೆ. ಆದ್ದರಿಂದಲೇ ವಯಸ್ಸಾಯಿತು ಎಂದು ಸುಮ್ಮನಿರಬಾರದು.

ವೈದ್ಯರು ಎಂಆರ್‌ಐ ಬರೆದುಕೊಟ್ಟರೆ ಹೆದರಬೇಡಿ. ಯಂತ್ರ ಜೋರಾಗಿ ಸದ್ದು ಮಾಡುತ್ತದೆ, ಕಿವಿಗೆ ಮುಚ್ಚಳ ಕೊಡುತ್ತಾರೆ. ಸ್ಕಾರ್ಫ್‌ನ ಪಿನ್ನು, ಬಳೆ, ಓಲೆ, ಲೋಹದ ತಾಯತ ಎಲ್ಲವನ್ನೂ ತೆಗೆದಿಡಬೇಕು. ಪಿನ್ನಿಲ್ಲದ ಬಟ್ಟೆಯಿಂದ ತಲೆ ಮುಚ್ಚಿಕೊಳ್ಳಬಹುದೇ, ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಮೊದಲೇ ಕೇಳಿ. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹ ಇದ್ದರೆ ತಪ್ಪದೆ ಹೇಳಿ.

ಮನೆಯಲ್ಲಿ ಮಾಡಬೇಕಾದದ್ದು

* ನಲ್ವತ್ತು ದಾಟಿದ ಎಲ್ಲರೂ ಬಿ.ಪಿ., ಸಕ್ಕರೆ ಪರೀಕ್ಷಿಸಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಣ ಬೇಕಿಲ್ಲ. ಚೆನ್ನಾಗಿದ್ದೇನೆ ಎಂದು ಮಾತ್ರೆ ನಿಲ್ಲಿಸಬೇಡಿ.

* ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು, ಮಾತ್ರೆಗಳನ್ನು ಸಹರಿ ಮತ್ತು ಇಫ್ತಾರ್‌ಗೆ ಹೇಗೆ ಹೊಂದಿಸಬೇಕು ಎಂದು ಕೇಳಿ. ಉಪವಾಸ ಬೇಡವೆಂದರೆ ಆ ಮಾತು ಕೇಳಿ. ರೋಗಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ.

* ನಡೆಯಿರಿ. 2011ರ ಅಧ್ಯಯನವೊಂದರಲ್ಲಿ 120 ವೃದ್ಧರು ಭಾಗವಹಿಸಿದ್ದರು. ವಾರಕ್ಕೆ ಮೂರು ದಿನ 40 ನಿಮಿಷ ನಡೆದವರ ಹಿಪ್ಪೊಕ್ಯಾಂಪಸ್ ಒಂದು ವರ್ಷದಲ್ಲಿ ಸುಮಾರು ಶೇ. 2 ಹಿಗ್ಗಿತ್ತು. ನಂತರದ ಎಲ್ಲ ಅಧ್ಯಯನಗಳಲ್ಲೂ ಇಷ್ಟು ಸ್ಪಷ್ಟ ಫಲ ಕಂಡಿಲ್ಲವಾದರೂ ನಡಿಗೆ ಹೃದಯಕ್ಕೂ ರಕ್ತನಾಳಕ್ಕೂ ಒಳ್ಳೆಯದು. ಮಸೀದಿ ನಡೆದು ಹೋಗುವಷ್ಟು ಹತ್ತಿರವಿದ್ದರೆ ಬೈಕ್ ಬಿಡಿ. ಮಹಿಳೆಯರಿಗೂ ನಡೆಯಲು ಸಮಯ ಮಾಡಿಕೊಡಿ.

* ಬೀಡಿ, ಸಿಗರೇಟು ಬಿಡಿ. ಉಪ್ಪಿನಕಾಯಿ, ಒಣಮೀನು, ಬಿರಿಯಾನಿಯ ತುಪ್ಪ ಮಿತಿಯಲ್ಲಿರಲಿ.

* ಕಿವಿ ಕೇಳದವರಿಗೆ ಶ್ರವಣ ಸಾಧನ, ಕಣ್ಣು ಮಂಜಾದವರಿಗೆ ಚಿಕಿತ್ಸೆ ಕೊಡಿಸಿ. ಮರೆವಿನ ಕಾಯಿಲೆಯ ಪ್ರಕರಣಗಳಲ್ಲಿ ಸುಮಾರು ಶೇ. 45ನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಹೇಳಿದೆ. ಅದು ಪಟ್ಟಿ ಮಾಡಿದ 14 ಕಾರಣಗಳಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನದ ಜೊತೆಗೆ ಕಿವುಡು, ದೃಷ್ಟಿದೋಷ, ಒಂಟಿತನವೂ ಇವೆ.

* ಮುಖ ಒಂದು ಬದಿಗೆ ವಾಲುವುದು, ಕೈ ಸೋಲುವುದು, ಮಾತು ತೊದಲುವುದು, ಒಮ್ಮೆಗೇ ಗೊಂದಲವಾಗುವುದು ಕಂಡರೆ ಮಂತ್ರಿಸಿದ ನೀರಿಗಾಗಿ ಕಾಯಬೇಡಿ. ಇದು ಪಾರ್ಶ್ವವಾಯು ಆಗಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸಿ. ದುಆ ದಾರಿಯಲ್ಲೂ ಮಾಡಬಹುದು.

ಗದರಬೇಡಿ

ಜ್ಞಾನವಿದ್ದವನೂ ವೃದ್ಧಾಪ್ಯದಲ್ಲಿ ಎಲ್ಲವನ್ನೂ ಮರೆಯುವ ಸ್ಥಿತಿಗೆ ತಲುಪಬಹುದು ಎಂದು ಪವಿತ್ರ ಕುರ್‌ಆನ್ ತಿಳಿಸಿದೆ. ಅಂಥ ವೃದ್ಧಾಪ್ಯದಿಂದ ಪ್ರವಾದಿ(ಸ) ಅಲ್ಲಾಹನಲ್ಲಿ ಅಭಯ ಯಾಚಿಸುತ್ತಿದ್ದರು. ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಅವರೇ. ಮುಪ್ಪಾದ ತಂದೆ ತಾಯಿಯ ಮುಂದೆ ಬೇಸರದ ಉದ್ಗಾರವನ್ನೂ ತೆಗೆಯಬಾರದು ಎಂಬ ಆಜ್ಞೆ, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವ ತಾಯಿಯ ಮುಂದೆ ಕುಳಿತಾಗಲೇ ನಿಜವಾಗಿ ಪರೀಕ್ಷೆಗೆ ಬರುತ್ತದೆ. ರಕಅತ್ ಮರೆತರೆಂದು, ನಮಾಝ್ ತಪ್ಪಿಸಿದರೆಂದು ಅವರನ್ನು ಗದರಬೇಡಿ. ಬುದ್ಧಿಯ ಹಿಡಿತ ತಪ್ಪಿದವರ ಮೇಲೆ ಹೊಣೆಯಿಲ್ಲ. ಅವರ ವಿಷಯದಲ್ಲಿ ಸಂಶಯವಿದ್ದರೆ ಆಲಿಮರನ್ನು ಕೇಳಿ. ನೆನಪಿರುವ ಸೂರಃಗಳನ್ನು ಅವರ ಜೊತೆ ಕುಳಿತು ಓದಿ. ಮೊಮ್ಮಕ್ಕಳನ್ನೂ ಕೂರಿಸಿ.

ಇಂದು ಮಗ್ರಿಬ್‌ನ ಬಳಿಕ ಮನೆಯ ಹಿರಿಯರ ಮಾತ್ರೆ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಮಾತ್ರೆ ಮುಗಿದಿದೆಯೇ? ತೆಗೆದುಕೊಳ್ಳಲು ಮರೆತಿದ್ದಾರೆಯೇ? ಕೊನೆಯ ಸಲ ಬಿ.ಪಿ. ನೋಡಿಸಿದ್ದು ಯಾವಾಗ? ಉತ್ತರ ಗೊತ್ತಿಲ್ಲದಿದ್ದರೆ ನಾಳೆಯೇ ಕರೆದುಕೊಂಡು ಹೋಗಿ.