ತೂಕ ಇಳಿಸಲು ಚಹಾದ ಹಾಲು ಬಿಡಬೇಕೇ? ಮೊದಲು ಸಕ್ಕರೆ ಡಬ್ಬಿ ನೋಡಿ

ಹೊಸಪೇಟೆ: ಬೆಳಗಿನ ಮೊದಲ ಬಸ್ಸು ಹೊರಡುವ ಮುನ್ನವೇ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಹೋಟೆಲುಗಳಲ್ಲಿ ಚಹಾದ ಪಾತ್ರೆ ಒಲೆ ಏರಿರುತ್ತದೆ. ಹಾಲು, ಚಹಾಪುಡಿ, ಸಕ್ಕರೆ ಮೂರೂ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಹೂವಿನಹಡಗಲಿ, ಹರಪನಹಳ್ಳಿಗಳಲ್ಲೂ ಇದೇ ರೂಢಿ. ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರಾಗಿದ್ದ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯಲ್ಲಿ ಮನೆಗೆ ಬಂದವರಿಗೆ ಚಹಾ ಕೊಡದೆ ಕಳುಹಿಸುವುದಿಲ್ಲ. ಕೊಟ್ಟದ್ದನ್ನು ಬೇಡವೆನ್ನುವುದೂ ಮರ್ಯಾದೆಯಲ್ಲ.

ಇಂಥ ಊರುಗಳಲ್ಲಿ ತೂಕ ಇಳಿಸಲು ಹೊರಟವರಿಗೆ ಮೊದಲು ಸಿಗುವ ಸಲಹೆ ‘ಹಾಲಿನ ಚಹಾ ಬಿಡಿ’ ಎಂಬುದು. ಹಲವರು ಬಿಡುತ್ತಾರೆ, ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಹಿಡಿಯುತ್ತಾರೆ. ಕೆಲವರು ಬೆಳಗಿನ ಉಪಾಹಾರವನ್ನೇ ಬಿಟ್ಟು ಚಹಾದ ಮೇಲೆ ದಿನ ದೂಡುತ್ತಾರೆ. ಹಾಗಾದರೆ ಡಯಟ್ ಮಾಡುವವರು ಹಾಲಿನ ಚಹಾ ಕಡಿಮೆ ಮಾಡಬೇಕೇ? ಮಾಡಬೇಕು. ಆದರೆ ಮೊದಲು ಕಡಿಮೆಯಾಗಬೇಕಾದದ್ದು ಹಾಲಲ್ಲ.

ಒಂದು ಕಪ್ಪಿನ ಲೆಕ್ಕ

ಹಾಲು, ಸಕ್ಕರೆ ಬೆರೆಸದ ಬರಿ ಚಹಾ ಡಿಕಾಕ್ಷನ್‌ನಲ್ಲಿರುವ ಕ್ಯಾಲೊರಿ ಒಂದೆರಡು ಮಾತ್ರ. ಅಂದರೆ ಇಲ್ಲವೆಂದೇ ಹೇಳಬಹುದು. ಚಹಾಕ್ಕೆ ಶಕ್ತಿ ತುಂಬುವುದು ಅದಕ್ಕೆ ಸೇರುವ ಹಾಲು ಮತ್ತು ಸಕ್ಕರೆ.

ಮನೆಯಲ್ಲಿ ಮಾಡುವ 150 ಮಿಲಿಲೀಟರ್‌ನ ಒಂದು ಕಪ್ ಚಹಾವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಅರ್ಧದಷ್ಟು, ಅಂದರೆ 75 ಮಿಲಿಲೀಟರ್ ಹಾಲು, ಎರಡು ಚಮಚ ಸಕ್ಕರೆ ಇದೆ ಎಂದಿಟ್ಟುಕೊಳ್ಳಿ. ಟೋನ್ಡ್ ಹಾಲಿನ ಜಿಡ್ಡಿನಂಶ ಶೇ 3. ಇಂಥ 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 58 ಕ್ಯಾಲೊರಿ ಇರುತ್ತದೆ. ಹೀಗಾಗಿ ಕಪ್ಪಿನಲ್ಲಿರುವ ಹಾಲಿನಿಂದ ದೊರೆಯುವುದು ಸುಮಾರು 44 ಕ್ಯಾಲೊರಿ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ. ಎರಡು ಚಮಚ ಎಂದರೆ ಸುಮಾರು 10 ಗ್ರಾಂ, ಅದರಿಂದ 40 ಕ್ಯಾಲೊರಿ. ಒಟ್ಟು ಒಂದು ಕಪ್ಪಿಗೆ 85 ಕ್ಯಾಲೊರಿಯ ಆಸುಪಾಸು.

ದಿನಕ್ಕೆ ನಾಲ್ಕು ಕಪ್ ಕುಡಿಯುವವರ ದೇಹಕ್ಕೆ ಚಹಾ ಒಂದರಿಂದಲೇ ಸುಮಾರು 340 ಕ್ಯಾಲೊರಿ ಸೇರುತ್ತದೆ. ಇದು ಒಂದು ಹೊತ್ತಿನ ಹಗುರ ಊಟಕ್ಕೆ ಸಮ. ಊಟದ ಲೆಕ್ಕ ಇಡುವವರೂ ಚಹಾದ ಲೆಕ್ಕ ಇಡುವುದಿಲ್ಲ. ತೂಕ ಇಳಿಯದಿರುವುದಕ್ಕೆ ಇದೂ ಒಂದು ಕಾರಣ.

ಹಾಲು ಮತ್ತು ಸಕ್ಕರೆ: ಎರಡೂ ಒಂದೇ ಅಲ್ಲ

ಈ ನಾಲ್ಕು ಕಪ್ಪುಗಳಲ್ಲಿ ಸೇರಿರುವ ಹಾಲು 300 ಮಿಲಿಲೀಟರ್, ಸಕ್ಕರೆ 40 ಗ್ರಾಂ. ಕ್ಯಾಲೊರಿ ನೋಡಿದರೆ ಎರಡರ ಪಾಲೂ ಹೆಚ್ಚುಕಡಿಮೆ ಸಮ. ಆದರೆ ಅವು ದೇಹಕ್ಕೆ ಕೊಡುವುದು ಬೇರೆ ಬೇರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 300 ಮಿಲಿಲೀಟರ್ ಹಾಲು ಅಥವಾ ಮೊಸರನ್ನು ಸಮತೋಲನ ಆಹಾರದ ಭಾಗವಾಗಿ ಸೂಚಿಸಿದೆ. ಅಷ್ಟು ಹಾಲಿನಲ್ಲಿ 9ರಿಂದ 10 ಗ್ರಾಂ ಪ್ರೋಟೀನ್, ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾಗುವ ಕ್ಯಾಲ್ಸಿಯಂ 1000 ಮಿಲಿಗ್ರಾಂ. ಅಂದರೆ ಮೂರನೇ ಒಂದು ಪಾಲು ಇದರಿಂದಲೇ ಸಿಕ್ಕಂತಾಯಿತು. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ, ಅದರಲ್ಲೂ ಲೋಟ ತುಂಬ ಹಾಲು ಕುಡಿಯುವ ಅಭ್ಯಾಸವಿಲ್ಲದ ಹೆಣ್ಣುಮಕ್ಕಳಿಗೆ, ಚಹಾದ ಮೂಲಕ ಒಳಸೇರುವ ಈ ಹಾಲೇ ಬಹುಮುಖ್ಯ ಆಧಾರ.

ಸಕ್ಕರೆಯಿಂದ ಇಂಥ ಲಾಭವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೊರಗಿನಿಂದ ಸೇರಿಸುವ ಸಕ್ಕರೆ ಮತ್ತು ಜೇನು, ಹಣ್ಣಿನ ರಸಗಳಲ್ಲಿರುವ ಸಕ್ಕರೆಯು ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು. ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿಯ ಆಹಾರದಲ್ಲಿ ಶೇ 5 ಎಂದರೆ 25 ಗ್ರಾಂ. ಎರಡು ಚಮಚದ ಮೂರನೇ ಕಪ್ಪಿಗೇ ಈ ಗಡಿ ದಾಟುತ್ತದೆ. ಹಾಲಿನಲ್ಲಿ ಸಹಜವಾಗಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ ಎಂಬುದು ಗಮನಾರ್ಹ.

ಆದ್ದರಿಂದ ಹಾಲು ತೆಗೆದು, ಸಕ್ಕರೆ ಹಾಗೆಯೇ ಉಳಿಸಿಕೊಂಡು ‘ಬ್ಲ್ಯಾಕ್ ಟೀ’ ಕುಡಿಯುವುದು ತಿರುಗುಮುರುಗಾದ ಪಥ್ಯ. ಪೋಷಕಾಂಶ ಇರುವುದನ್ನು ಬಿಟ್ಟು ಇಲ್ಲದ್ದನ್ನು ಹಿಡಿದಂತೆ.

ಯಾವ ಹಾಲು ಎಂಬುದೂ ಮುಖ್ಯ

ಹಾಲಿನಲ್ಲಿ ಕ್ಯಾಲೊರಿಯ ವ್ಯತ್ಯಾಸ ಬರುವುದು ಮುಖ್ಯವಾಗಿ ಜಿಡ್ಡಿನಿಂದ. ಒಂದು ಗ್ರಾಂ ಜಿಡ್ಡಿಗೆ 9 ಕ್ಯಾಲೊರಿ. ಆಹಾರ ಸುರಕ್ಷತೆಯ ರಾಷ್ಟ್ರೀಯ ಮಾನದಂಡದ ಪ್ರಕಾರ ಡಬಲ್ ಟೋನ್ಡ್ ಹಾಲಿನಲ್ಲಿ ಶೇ 1.5, ಟೋನ್ಡ್ ಹಾಲಿನಲ್ಲಿ ಶೇ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5 ಹಾಗೂ ಫುಲ್ ಕ್ರೀಮ್ ಹಾಲಿನಲ್ಲಿ ಶೇ 6 ಜಿಡ್ಡಿನಂಶ ಇರಬೇಕು. ಹಳ್ಳಿಗಳಿಂದ ನೇರವಾಗಿ ಮನೆಗೆ ಬರುವ ಎಮ್ಮೆ ಹಾಲು ನೀರು ಬೆರೆಸದಿದ್ದರೆ ಇನ್ನೂ ಗಟ್ಟಿ.

ದಿನಕ್ಕೆ 300 ಮಿಲಿಲೀಟರ್ ಬಳಸುವವರು ಶೇ 6ರ ಹಾಲಿನಿಂದ ಶೇ 3ರ ಹಾಲಿಗೆ ಬದಲಾದರೆ 9 ಗ್ರಾಂ ಜಿಡ್ಡು, ಅಂದರೆ 80ಕ್ಕೂ ಹೆಚ್ಚು ಕ್ಯಾಲೊರಿ ಉಳಿಯುತ್ತದೆ. ಪ್ರೋಟೀನ್, ಕ್ಯಾಲ್ಸಿಯಂ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಮನೆಯಲ್ಲಿ ಎಮ್ಮೆ ಹಾಲೇ ಬಳಕೆಯಲ್ಲಿದ್ದರೆ ಕಾಯಿಸಿ ಆರಿಸಿ ಕೆನೆ ತೆಗೆದು ಚಹಾಕ್ಕೆ ಹಾಕುವುದು ಸುಲಭದ ದಾರಿ.

ಬೆಲ್ಲ, ಜೇನು ಹಾಕಿದರೆ?

‘ಬೆಲ್ಲದ ಚಹಾ’ ಎಂಬ ಫಲಕ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಸಾಮಾನ್ಯವಾಗಿದೆ. ಬೆಲ್ಲದಲ್ಲಿ ಅಲ್ಪಪ್ರಮಾಣದ ಖನಿಜಾಂಶ ಇರುವುದು ನಿಜ. ಆದರೆ ಕ್ಯಾಲೊರಿಯಲ್ಲಿ ಅದಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಸಿಹಿ ಕಡಿಮೆ ಎನಿಸಿ ಒಂದು ಚಮಚ ಹೆಚ್ಚು ಹಾಕಿದರೆ ಲೆಕ್ಕ ಇನ್ನೂ ಏರುತ್ತದೆ. ಜೇನಿನ ವಿಷಯವೂ ಇಷ್ಟೇ.

ಕೃತಕ ಸಿಹಿಕಾರಕಗಳನ್ನು ತೂಕ ನಿಯಂತ್ರಣದ ಸಾಧನವಾಗಿ ಬಳಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿದೆ. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಅವರು ತಮ್ಮ ವೈದ್ಯರ ಮಾತು ಕೇಳಬೇಕು. ಗ್ರೀನ್ ಟೀ ಕುಡಿದರೆ ಕೊಬ್ಬು ಕರಗುತ್ತದೆ ಎಂಬ ಪ್ರಚಾರಕ್ಕೂ ಗಟ್ಟಿ ಆಧಾರವಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2012ರ ಕೋಕ್ರೇನ್ ವರದಿಯು, ಗ್ರೀನ್ ಟೀ ಉತ್ಪನ್ನಗಳಿಂದ ಇಳಿಯುವ ತೂಕ ತೀರಾ ಅಲ್ಪ ಎಂದು ತಿಳಿಸಿತ್ತು. ಗ್ರೀನ್ ಟೀಯಿಂದ ಯಾರಿಗಾದರೂ ಲಾಭವಾಗಿದ್ದರೆ ಅದರಲ್ಲಿ ಬಹುಪಾಲು ಸಕ್ಕರೆ ಬಿಟ್ಟದ್ದರಿಂದ ಆದದ್ದು.

ಚಹಾದ ಜೊತೆ ಬರುವ ತಟ್ಟೆ

ಈ ಭಾಗದಲ್ಲಿ ಸಂಜೆಯ ಚಹಾ ಒಂಟಿಯಾಗಿ ಬರುವುದು ಅಪರೂಪ. ಅದಕ್ಕೆ ಮುಂಚೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇರಲೇಬೇಕು. ಮಂಡಕ್ಕಿ ನೋಡಲು ಹಗುರ, ಆದರೆ ಅದು ಅಕ್ಕಿಯೇ. 30 ಗ್ರಾಂ ಮಂಡಕ್ಕಿಯಲ್ಲಿ 100 ಕ್ಯಾಲೊರಿಯಷ್ಟು ಇರುತ್ತದೆ. ಒಗ್ಗರಣೆಗೆ ಸೇರುವ ಪ್ರತಿ ಟೀ ಚಮಚ ಎಣ್ಣೆಗೆ ಇನ್ನೂ 40ರಿಂದ 45 ಕ್ಯಾಲೊರಿ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮಿರ್ಚಿ ಹೀರಿಕೊಂಡ ಎಣ್ಣೆಯ ಲೆಕ್ಕ ಬೇರೆ. ಮನೆಯಲ್ಲಿ ಚಹಾದಲ್ಲಿ ಅದ್ದಿ ತಿನ್ನುವ ನಾಲ್ಕು ಗ್ಲೂಕೋಸ್ ಬಿಸ್ಕತ್ತುಗಳೂ 100 ಕ್ಯಾಲೊರಿ ಮುಟ್ಟುತ್ತವೆ. ಹೀಗೆ ಜೊತೆಗೆ ಬಂದದ್ದೇ ಚಹಾವನ್ನು ಮೀರಿಸುತ್ತದೆ. ಹಾಲು ಬಿಟ್ಟು ಮಿರ್ಚಿ ಉಳಿಸಿಕೊಂಡವರ ತೂಕ ಇಳಿಯದಿದ್ದರೆ ಆಶ್ಚರ್ಯವಿಲ್ಲ.

ಹಸಿವು ಕೊಲ್ಲುವ ಚಹಾ: ನಿಜವಾದ ಅಪಾಯ ಇಲ್ಲಿದೆ

‘ಚಹಾ ಕುಡಿದರೆ ಹಸಿವು ಸಾಯುತ್ತದೆ’ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಡಯಟ್ ಮಾಡುವವರು ಇದನ್ನೇ ಉಪಾಯ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ರೊಟ್ಟಿ ಅಥವಾ ಉಪ್ಪಿಟ್ಟಿನ ಬದಲು ಎರಡು ಕಪ್ ಚಹಾ, ಮಧ್ಯಾಹ್ನ ಅರ್ಧ ಊಟ, ಊಟದ ಬೆನ್ನಿಗೇ ಮತ್ತೊಂದು ಕಪ್. ತಕ್ಕಡಿಯಲ್ಲಿ ಒಂದೆರಡು ಕಿಲೋ ಇಳಿಯಬಹುದು. ಆದರೆ ಅದರ ಬೆಲೆಯನ್ನು ರಕ್ತ ತೆರುತ್ತದೆ.

ಚಹಾದಲ್ಲಿರುವ ಟ್ಯಾನಿನ್ ಮುಂತಾದ ಅಂಶಗಳು ಆಹಾರದಲ್ಲಿರುವ ಕಬ್ಬಿಣದ ಜೊತೆ ಬೆಸೆದುಕೊಂಡು, ಅದು ದೇಹಕ್ಕೆ ದಕ್ಕದಂತೆ ಮಾಡುತ್ತವೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು ಇವುಗಳಿಂದ ದೊರೆಯುವ ಕಬ್ಬಿಣದ ಮೇಲೆ ಈ ಪರಿಣಾಮ ಹೆಚ್ಚು. 1999ರಲ್ಲಿ ಬ್ರಿಟಿಷ್ ಪೋಷಣಾ ನಿಯತಕಾಲಿಕವೊಂದರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಊಟದೊಂದಿಗೆ ಕುಡಿದ ಚಹಾ ಕಬ್ಬಿಣದ ಹೀರಿಕೆಯನ್ನು ಶೇ 79ರಿಂದ 94ರಷ್ಟು ತಗ್ಗಿಸಿತ್ತು. ಹಾಲು ಬೆರೆಸಿದರೂ ಈ ಪರಿಣಾಮದಲ್ಲಿ ಹೆಚ್ಚಿನ ಬದಲಾವಣೆ ಕಾಣಲಿಲ್ಲ. ಅಂದರೆ ಈ ವಿಷಯದಲ್ಲಿ ಹಾಲು ಕಾರಣವೂ ಅಲ್ಲ, ರಕ್ಷಣೆಯೂ ಅಲ್ಲ. ಮುಖ್ಯವಾದುದು ಕುಡಿಯುವ ಸಮಯ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಸುಮಾರು ಶೇ 30ರಷ್ಟು ಮಂದಿಯ ತೂಕ ಮಿತಿ ಮೀರಿದೆ. ಅದೇ ವಯಸ್ಸಿನ ಶೇ 48ರಷ್ಟು ಮಹಿಳೆಯರಲ್ಲಿ ರಕ್ತಹೀನತೆ ಇದೆ. ಎರಡೂ ತೊಂದರೆಗಳು ಒಬ್ಬರಲ್ಲೇ ಇರುವುದು ಅಸಾಧ್ಯವೇನಲ್ಲ. ಮೈ ದಪ್ಪವಿದ್ದ ಮಾತ್ರಕ್ಕೆ ರಕ್ತ ಚೆನ್ನಾಗಿದೆ ಎಂದು ತಿಳಿಯುವಂತಿಲ್ಲ. ಆಯಾಸ, ತಲೆಸುತ್ತು ಕಂಡಾಗ ‘ಡಯಟ್‌ನಿಂದ ಆಗಿರಬಹುದು’ ಎಂದು ಇನ್ನೊಂದು ಕಪ್ ಚಹಾ ಕುಡಿಯುವವರು ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು, ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಊಟವಾದ ಒಂದು ಗಂಟೆಯವರೆಗೆ ಚಹಾ, ಕಾಫಿ ಬೇಡ ಎಂದು ತಿಳಿಸಿದೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು ಎಂದೂ ಹೇಳಿದೆ. ಅದರ ಪ್ರಕಾರ ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ.

ಹಾಲಿಲ್ಲದ ಚಹಾ ಉತ್ತಮ ಎಂಬ ಅಭಿಪ್ರಾಯವೂ ಆ ಮಾರ್ಗಸೂಚಿಯಲ್ಲಿದೆ. ಹಾಲಿನ ಕೇಸಿನ್ ಪ್ರೋಟೀನ್ ಚಹಾದ ಉಪಯುಕ್ತ ಅಂಶಗಳೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದು ಇಂಥ ಸಲಹೆಯ ಹಿಂದಿನ ಒಂದು ವಾದ. 2007ರಲ್ಲಿ ಬರ್ಲಿನ್‌ನ ಸಂಶೋಧಕರು 16 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದಲ್ಲಿ, ಬರಿ ಚಹಾ ರಕ್ತನಾಳಗಳಿಗೆ ಮಾಡಿದ ಉಪಕಾರ ಹಾಲು ಬೆರೆಸಿದಾಗ ಕಾಣಲಿಲ್ಲ. ಆದರೆ ಇದು ರಕ್ತನಾಳಗಳಿಗೆ ಸಂಬಂಧಿಸಿದ ಮಾತು, ತೂಕದ್ದಲ್ಲ. ಮೊಸರು, ಮಜ್ಜಿಗೆ ದಿನವೂ ಊಟದಲ್ಲಿದ್ದರೆ ಚಹಾದ ಹಾಲು ಬಿಟ್ಟರೂ ನಷ್ಟವಿಲ್ಲ. ಅವು ಇಲ್ಲದವರು ಬಿಡುವ ಮುನ್ನ ಬದಲಿ ಹುಡುಕಿಕೊಳ್ಳಬೇಕು.

ಏನನ್ನು, ಯಾವ ಕ್ರಮದಲ್ಲಿ ಕಡಿಮೆ ಮಾಡಬೇಕು?

* ಮೊದಲು ಸಕ್ಕರೆ. ಎರಡು ಚಮಚದಿಂದ ಒಂದೂವರೆಗೆ, ಹದಿನೈದು ದಿನ ಬಿಟ್ಟು ಒಂದಕ್ಕೆ, ಬಳಿಕ ಅರ್ಧಕ್ಕೆ ಇಳಿಸಿ. ನಾಲಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ.

* ಎರಡನೆಯದು ಚಹಾದ ಜೊತೆಗಿನ ತಿಂಡಿ. ಮಿರ್ಚಿ, ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿಗಡಲೆ ಸಾಕು.

* ಮೂರನೆಯದು ಕಪ್ಪುಗಳ ಸಂಖ್ಯೆ. ನಾಲ್ಕನ್ನು ಎರಡಕ್ಕೆ ತಂದರೆ ಸಕ್ಕರೆ, ಹಾಲು ಎರಡೂ ಅರ್ಧವಾಗುತ್ತವೆ. ಉಳಿದ ಹಾಲನ್ನು ಮೊಸರಾಗಿಸಿ ಊಟಕ್ಕೆ ಬಳಸಿ.

* ನಾಲ್ಕನೆಯದು ಹಾಲಿನ ಜಿಡ್ಡು. ಹಾಲು ಬಿಡುವ ಮುನ್ನ ಕಡಿಮೆ ಜಿಡ್ಡಿನ ಹಾಲಿಗೆ ಬದಲಾಗಿ.

* ಊಟ, ಉಪಾಹಾರದ ಬದಲಿಗೆ ಚಹಾ ಬೇಡ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗಲೇಬಾರದು.

* ಸಂಜೆ ಕಳೆದ ಮೇಲೆ ಚಹಾ ಬೇಡ. ಕೆಫೀನ್ ನಿದ್ದೆ ಕೆಡಿಸುತ್ತದೆ. ನಿದ್ದೆ ಕೆಟ್ಟರೆ ಮರುದಿನ ಹಸಿವು ಹೆಚ್ಚುತ್ತದೆ.

ಗರ್ಭಿಣಿಯರು, ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಆಹಾರ ಬದಲಿಸುವ ಮುನ್ನ ವೈದ್ಯರನ್ನು ಕಾಣುವುದು ಅಗತ್ಯ.

ಫಲ ಎಷ್ಟು?

ನಾಲ್ಕು ಕಪ್ ಕುಡಿಯುವವರು ಸಕ್ಕರೆಯನ್ನು ಪೂರ್ತಿ ಬಿಟ್ಟರೆ ದಿನಕ್ಕೆ 160, ತಿಂಗಳಿಗೆ 4800 ಕ್ಯಾಲೊರಿ ಉಳಿಯುತ್ತದೆ. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ಇದು 600 ಗ್ರಾಂಗೆ ಸಮ. ದೇಹವು ಕಡಿಮೆ ಆಹಾರಕ್ಕೆ ಹೊಂದಿಕೊಳ್ಳುವುದರಿಂದ ನಿಜವಾಗಿ ಇಳಿಯುವುದು ಇದಕ್ಕಿಂತ ಕಡಿಮೆ. ಆದರೂ ಊಟದಲ್ಲಿ ಒಂದು ತುತ್ತನ್ನೂ ಬಿಡದೆ ಪಡೆಯುವ ಲಾಭ ಇದು.

ಮನೆಯಲ್ಲಿ ಇದೆಲ್ಲ ಸುಲಭ. ಹೋಟೆಲಿನಲ್ಲಿ ಸಕ್ಕರೆ ಮೊದಲೇ ಕುದಿದಿರುತ್ತದೆ, ನೆಂಟರ ಮನೆಯಲ್ಲಿ ಬೇಡವೆನ್ನಲಾಗದು. ಹೋಟೆಲಿನಲ್ಲಿ ಸಕ್ಕರೆ ಇಲ್ಲದ ಚಹಾ ಬೇಕೆಂದು ಕೇಳಿದರೆ ಬೇರೆಯಾಗಿ ಮಾಡಿಕೊಡುವವರಿದ್ದಾರೆ. ನೆಂಟರ ಮನೆಯಲ್ಲಿ ‘ಅರ್ಧ ಕಪ್ ಸಾಕ್ರಿ’ ಎಂದರೆ ಯಾರೂ ಬೇಸರಿಸುವುದಿಲ್ಲ. ಚಹಾ ಬಿಡಬೇಕಿಲ್ಲ, ಹಾಲನ್ನೂ ಬಿಡಬೇಕಿಲ್ಲ. ಚಹಾವನ್ನು ಊಟವೆಂದು ತಿಳಿಯುವುದನ್ನು ಬಿಟ್ಟು, ಅದರಲ್ಲಿ ಕರಗುವ ಸಕ್ಕರೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅರ್ಧ ಪಥ್ಯ ಮಾಡಿದಂತೆ.