ಮಲೇಷಿಯಾದ ಪಾಕವೂ ಪ್ರತಿನಿಧಿನ್ಯಾಯವೂ

ಪರದೇಶದ ಭೋಜನಶಾಲೆಯೊಂದರಲ್ಲಿ ಬಡಿಸಿದ ಪದಾರ್ಥವು ನಿಜವಾಗಿ ಮಲೇಷಿಯಾದ ಪಾಕವೇ, ಅಥವಾ ಅದರ ಹೆಸರನ್ನು ಮಾತ್ರ ಹೊತ್ತ ಬೇರೊಂದು ವಸ್ತುವೇ ಎಂಬ ಪ್ರಶ್ನೆಯು ನಾಲಗೆಯ ಚಾಪಲ್ಯದಿಂದ ಹುಟ್ಟಿದುದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಲಂಡನ್, ಮೆಲ್ಬರ್ನ್ ಮೊದಲಾದ ನಗರಗಳಲ್ಲಿ ಆ ಅಡುಗೆಯನ್ನೇ ನಂಬಿ ಜೀವಿಸುವವರಿದ್ದಾರೆ. ‘ಇದು ಅಸಲಲ್ಲ’ ಎಂಬ ಒಂದು ಮಾತು ಅವರ ಜೀವನಕ್ಕೂ ಮಾನಕ್ಕೂ ತಗಲುವುದು. ಗ್ರಂಥಗಳ ಶುದ್ಧಪಾಠವನ್ನು ನಿರ್ಣಯಿಸುವುದರಲ್ಲಿ ತೊಡಗಿರುವ ನಮಗೆ ಈ ಪ್ರಶ್ನೆಯ ಸ್ವರೂಪವು ಅಪರಿಚಿತವೂ ಅಲ್ಲ. ಲಕ್ಷಣವಾವುದೆಂದು ವಿಚಾರಿಸದೆ ತೀರ್ಪು ಕೊಡುವವರು ಪಾಠಶಾಲೆಯಲ್ಲಿರುವಂತೆ ಪಾಕಶಾಲೆಯಲ್ಲಿಯೂ ಉಂಟು.

2018ರಲ್ಲಿ ಬ್ರಿಟನ್ನಿನ ಮಾಸ್ಟರ್‌ಷೆಫ್ ಎಂಬ ದೂರದರ್ಶನದ ಪಾಕಸ್ಪರ್ಧೆಯಲ್ಲಿ ಮಲೇಷಿಯಾದಲ್ಲಿ ಹುಟ್ಟಿದ ಮಹಿಳೆಯೊಬ್ಬರು ನಾಸಿ ಲೆಮಾಕ್ ಎಂಬ ಅನ್ನವನ್ನೂ ಅದರೊಡನೆ ಕೋಳಿಯ ರೆಂಡಾಂಗನ್ನೂ ಸಿದ್ಧಪಡಿಸಿದರು. ಕೋಳಿಯ ಚರ್ಮವು ಗರಿಗರಿಯಾಗಿಲ್ಲವೆಂದು ತೀರ್ಪುಗಾರರೊಬ್ಬರು ಆಕ್ಷೇಪಿಸಿದರು. ಆಕೆಯು ಸ್ಪರ್ಧೆಯಿಂದ ಹೊರಬಿದ್ದರು. ಮಲೇಷಿಯಾ, ಇಂಡೋನೇಷಿಯಾ, ಸಿಂಗಪುರಗಳ ಜನರು ಒಟ್ಟಾಗಿ ಪ್ರತಿಭಟಿಸಿದರು. ರೆಂಡಾಂಗ್ ಎಂಬುದು ಸುಮಾತ್ರದ ಮಿನಾಂಗ್‌ಕಬಾವ್ ಜನರಲ್ಲಿ ಬೆಳೆದು ಮಲಯ ದ್ವೀಪಕಲ್ಪದಲ್ಲಿಯೂ ನೆಲೆಗೊಂಡ ಪಾಕ. ಮೆಣಸಿನಕಾಯಿ, ಸಣ್ಣ ಈರುಳ್ಳಿ, ದುಂಪರಾಸ್ಮೆ, ಮಜ್ಜಿಗೆಹುಲ್ಲು ಮೊದಲಾದುವನ್ನು ಅರೆದು, ತೆಂಗಿನ ಹಾಲಿನಲ್ಲಿ ಮಾಂಸದೊಡನೆ ಮಂದಾಗ್ನಿಯ ಮೇಲೆ ಬಹುಕಾಲ ಕುದಿಸುವರು. ನೀರು ಇಂಗಿದ ಮೇಲೆ ಹಾಲಿನ ಎಣ್ಣೆಯು ಬಿಟ್ಟುಕೊಂಡು, ಆ ಎಣ್ಣೆಯಲ್ಲಿಯೇ ಮಾಂಸವು ಕಂದುಬಣ್ಣಕ್ಕೆ ತಿರುಗುವುದು. ಹುರಿದ ತೆಂಗಿನ ತುರಿಯನ್ನು ಅರೆದ ಕೆರಿಸಿಕ್ ಎಂಬುದನ್ನು ಕೊನೆಗೆ ಬೆರೆಸುವುದು ಮಲೇಷಿಯಾದ ರೂಢಿ. ಇಂತಹ ಪಾಕದಲ್ಲಿ ಚರ್ಮವು ಗರಿಗರಿಯಾಗುವ ಬಗೆಯೆಂತು? ಹಸುವಿಗೆ ಒಂಟಿಗೊರಸನ್ನು ಲಕ್ಷಣವಾಗಿ ಹೇಳಿದರೆ ಅದನ್ನು ತಾರ್ಕಿಕರು ಅಸಂಭವದೋಷವೆನ್ನುವರು, ಇದು ಅದೇ. ಕೋಳಿಯು ಬೆಂದಿರಲಿಲ್ಲವೆಂಬುದೇ ತಮ್ಮ ಅಭಿಪ್ರಾಯವೆಂದು ಆ ತೀರ್ಪುಗಾರರು ಬಳಿಕ ಸಮಾಧಾನ ಹೇಳಿದರು. ಬೇಯದಿರುವುದು ದೋಷವೇ ಸರಿ. ಆದರೆ ಅದನ್ನು ಆ ಹೆಸರಿನಿಂದಲೇ ಹೇಳಬೇಕಾಗಿತ್ತು.

(ಈ ಲೇಖಕನು ಮಾಂಸಾಹಾರಿಯಲ್ಲ, ರೆಂಡಾಂಗಿನ ವಿಷಯದಲ್ಲಿ ಅವನ ನಾಲಗೆಯು ಪ್ರಮಾಣವಾಗದು. ಆದರೂ ಲಕ್ಷಣವಿಚಾರಕ್ಕೆ ನಾಲಗೆಯೊಂದೇ ಸಾಧನವಲ್ಲವಷ್ಟೆ.)

ಪರಕೀಯರ ದೋಷವು ಅಸಂಭವವಾದರೆ ಸ್ವಕೀಯರ ದೋಷವು ಅವ್ಯಾಪ್ತಿ. ಪೆನಾಂಗಿನಿಂದ ವಲಸೆ ಬಂದವನು ಲಂಡನ್ನಿನಲ್ಲಿ ಲಕ್ಸಾವನ್ನು ತರಿಸಿಕೊಂಡು, ಅದರಲ್ಲಿ ತೆಂಗಿನ ಹಾಲನ್ನು ಕಂಡೊಡನೆ ‘ಇದು ನಮ್ಮದಲ್ಲ’ ಎನ್ನುವನು. ಅವನ ಊರಿನ ಆಸಾಂ ಲಕ್ಸಾವು ಮೀನಿನ ಹುಳಿಸಾರು. ಅದರಲ್ಲಿ ತೆಂಗಿನ ಹಾಲಿಲ್ಲ. ಕ್ವಾಲಾಲಂಪುರದ ಕರಿ ಲಕ್ಸಾದಲ್ಲಿ ಅದೇ ಪ್ರಧಾನ. ಸರವಾಕಿನ ಲಕ್ಸಾದಲ್ಲಿ ಹುಳಿಯೂ ಉಂಟು, ತೆಂಗಿನ ಹಾಲೂ ಉಂಟು. ಜೊಹೋರಿನ ಲಕ್ಸಾಕ್ಕಂತೂ ಇಟಲಿಯ ಸ್ಪಾಗೆಟ್ಟಿ ಎಂಬ ಗೋಧಿಯ ಶಾವಿಗೆಯೇ ಸಂಪ್ರದಾಯ! ಇದನ್ನರಿಯದವನು ಲಂಡನ್ನಿನ ತಟ್ಟೆಯಲ್ಲಿ ಸ್ಪಾಗೆಟ್ಟಿಯನ್ನು ಕಂಡು ನಕ್ಕರೆ, ಮೂಲಪಾಠವನ್ನೇ ಅಪಪಾಠವೆಂದು ತಿದ್ದಿದ ಲಿಪಿಕಾರನಿಗೆ ಸಮಾನನಾಗುವನು. ಹಲವು ಪಾಠಪರಂಪರೆಗಳುಳ್ಳ ಕೃತಿಯಂತೆ ಲಕ್ಸಾಕ್ಕೂ ಶಾಖೆಗಳುಂಟು. ಎಲ್ಲಕ್ಕೂ ಮಾತೃಕೆಯಾದ ಒಂದೇ ಲಕ್ಸಾವನ್ನು ಹುಡುಕುವುದು ವ್ಯರ್ಥಶ್ರಮ. ಆದಕಾರಣ ‘ಇದು ಅಸಲೇ?’ ಎಂದು ಕೇಳುವುದಕ್ಕಿಂತ ಮುಂಚೆ ‘ಇದು ಯಾವ ಊರಿನದು, ಯಾವ ಮನೆತನದವರದು?’ ಎಂದು ಕೇಳಬೇಕು. ಮಲೇಷಿಯಾದ ಬೆಳಗಿನ ಉಪಾಹಾರದ ಸಂಸ್ಕೃತಿಯನ್ನು ಯುನೆಸ್ಕೋ ಸಂಸ್ಥೆಯು 2024ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು; ಅಲ್ಲಿಯೂ ಮಲಯರ ನಾಸಿ ಲೆಮಾಕಿನ ಪಕ್ಕದಲ್ಲಿ, ದಕ್ಷಿಣ ಭಾರತದಿಂದ ಹೋದವರು ಬೆಳೆಸಿದ ರೋಟಿ ಚಾನಾಯ್ ಕುಳಿತಿದೆ.

ಶಬ್ದವ್ಯುತ್ಪತ್ತಿಯಿಂದ ಇದನ್ನು ನಿರ್ಣಯಿಸುವ ಆಸೆ ನಮ್ಮಂತಹವರಿಗೆ ಸಹಜ. ಮಲಯ ಭಾಷೆಯಲ್ಲಿ ರುಚಿಗೆ ‘ರಸ’ವೆಂದೇ ಹೆಸರು, ಸಕ್ಕರೆಯನ್ನು ಹೇಳುವ ‘ಗುಲಾ’ ನಮ್ಮ ಗುಡ, ಹುಳಿನೀರಾದ ‘ಚುಕಾ’ ನಮ್ಮ ಚುಕ್ರ. ಕೇಳಲು ಸಂತೋಷವೇ. ಆದರೆ ಶಬ್ದಗಳ ಬಂಧುತ್ವದಿಂದ ಪಾಕದ ಪ್ರಾಮಾಣ್ಯವು ಸಿದ್ಧಿಸದು.

ಇನ್ನು ಮುಖ್ಯ ವಿಷಯ. ಪರದೇಶದಲ್ಲಿ ಎಲ್ಲ ದ್ರವ್ಯಗಳೂ ದೊರೆಯವು. ದೊರೆಯದುದರ ಸ್ಥಾನದಲ್ಲಿ ಮತ್ತೊಂದನ್ನು ಹಾಕಿದರೆ ಪಾಕವು ಕೆಟ್ಟಿತೆ? ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ಪ್ರಶ್ನೆಯನ್ನು ಯಜ್ಞವಿಷಯದಲ್ಲಿ ವಿಚಾರಿಸಿದೆ. ವ್ರೀಹಿಯು ದೊರೆಯದಿದ್ದರೆ ತಾನಾಗಿ ಬೆಳೆದ ನೀವಾರವನ್ನು ಪ್ರತಿನಿಧಿಯಾಗಿ ತೆಗೆದುಕೊಳ್ಳಬಹುದು. ವ್ರೀಹಿಯ ಅವಯವಗಳು ಅದರಲ್ಲಿ ಬಹುಮಟ್ಟಿಗೆ ಇರುವುದರಿಂದ ಕರ್ಮವು ಬೇರೆಯಾಗದು. ಈ ನ್ಯಾಯವು ನಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುವುದು. ಪೆನಾಂಗಿನ ಲಕ್ಸಾಕ್ಕೆ ಹುಳಿಯನ್ನು ಕೊಡುವ ಆಸಾಂ ಗೆಲುಗುರ್ ನಮ್ಮ ಮಲೆನಾಡಿನ ಉಪ್ಪಾಗೆಯ ಕುಲಕ್ಕೆ ಸೇರಿದ ಹಣ್ಣು. ಹೋಳುಮಾಡಿ ಒಣಗಿಸಿ ಇಡುವರು. ಅದಿಲ್ಲದಾಗ ಉಪ್ಪಾಗೆಯ ಒಣಸಿಪ್ಪೆಯನ್ನು ಹಾಕಿದರೆ ಅದು ನೀವಾರಕ್ಕೆ ಸಮಾನ. ನಿಂಬೆಯ ರಸವು ಹಾಗಲ್ಲ. ಹುಳಿಯೆಂಬ ಒಂದೇ ಗುಣದ ಸಾಮ್ಯವು ಸಾಲದು. ಸದೃಶವಾದರೂ ನಿಷಿದ್ಧವಾದುದು ಪ್ರತಿನಿಧಿಯಾಗದೆಂದೂ ಅಲ್ಲಿ ಹೇಳಿದೆ. ಚೀನೀಯರು ಬಾಣಲೆಯಲ್ಲಿ ಹುರಿಯುವ ಚಾರ್ ಕ್ವೇ ತಿಯೊ ಎಂಬ ಅಕ್ಕಿಶಾವಿಗೆಗೆ ಹಂದಿಯ ಕೊಬ್ಬು ಹಳೆಯ ಸಂಪ್ರದಾಯ. ಅದೇ ಕೊಬ್ಬನ್ನು ಮುಸಲ್ಮಾನರಾದ ಮಲಯರ ಪಾಕಕ್ಕೆ ಎಣ್ಣೆಯ ಬದಲು ಹಾಕಿದರೆ, ರುಚಿಯು ಎಷ್ಟೇ ಹೆಚ್ಚಿದರೂ ಆ ಪಾಕವು ಮಲಯರದಾಗಿ ಉಳಿಯದು.

ದ್ರವ್ಯಕ್ಕೆ ಪ್ರತಿನಿಧಿಯುಂಟು, ದೇವತೆ, ಅಗ್ನಿ, ಮಂತ್ರ, ಕ್ರಿಯೆಗಳಿಗೆ ಇಲ್ಲ. ಇಲ್ಲಿಯ ಅಗ್ನಿ ಸಂಸ್ಕಾರಗೊಂಡ ಆಹವನೀಯಾದಿಗಳೆಂಬುದನ್ನು ನಾನು ಮರೆತಿಲ್ಲ, ಮೀಮಾಂಸಕ ಮಿತ್ರರು ನಗಬಾರದು. ಆದರೂ ಚಾರ್ ಕ್ವೇ ತಿಯೊವನ್ನು ಮೆತ್ತಗಿನ ಉರಿಯ ಮೇಲೆ ಮಾಡಿದವನನ್ನು ಕೇಳಿ ನೋಡಿರಿ. ಧಗಧಗಿಸುವ ಉರಿಯಲ್ಲಿ ಕ್ಷಣಮಾತ್ರದಲ್ಲಿ ಹತ್ತುವ ಹೊಗೆಗಂಪಿಗೆ ಬದಲಿಯಾದ ದ್ರವ್ಯವು ಯಾವ ಅಂಗಡಿಯಲ್ಲಿಯೂ ಸಿಕ್ಕದು. ನಾಸಿ ಲೆಮಾಕಿನಲ್ಲಿ ಅಕ್ಕಿಯು ತೆಂಗಿನ ಹಾಲಿನಲ್ಲಿಯೇ ಬೇಯಬೇಕು. ನೀರಿನಲ್ಲಿ ಬೆಂದ ಅನ್ನದ ಮೇಲೆ ಆ ಹಾಲನ್ನು ಸುರಿದರೆ ದ್ರವ್ಯಗಳೆಲ್ಲವೂ ಇದ್ದು ಪಾಕವು ಮಾತ್ರ ಇಲ್ಲವಾಗುವುದು. ಮೆಣಸಿನಕಾಯಿಯನ್ನೂ, ಸಿಗಡಿಯನ್ನು ಉಪ್ಪಿನಲ್ಲಿ ಕಳಿಯಿಸಿದ ಬೆಲಾಚಾನನ್ನೂ ಅರೆದು ಬಾಡಿಸುವ ಸಾಂಬಾಲ್, ಎಣ್ಣೆಯು ಬೇರ್ಪಟ್ಟು ಮೇಲೆ ತೇಲುವವರೆಗೆ ಮುಗಿಯದು. ಇದನ್ನು ಅಲ್ಲಿಯವರು ‘ಪೆಚಾ ಮಿನ್ಯಾಕ್’, ಎಣ್ಣೆ ಒಡೆಯುವುದು, ಎನ್ನುವರು. ಡಬ್ಬಿಯ ತೆಂಗಿನ ಹಾಲನ್ನು ಕಂಡು ಮುಖ ಸಿಂಡರಿಸುವ ಪರೀಕ್ಷಕರು ಎಣ್ಣೆಯು ಒಡೆದಿದೆಯೇ ಎಂದು ನೋಡುವುದೇ ಇಲ್ಲ. ನನ್ನ ಮತದಲ್ಲಿ ಡಬ್ಬಿಯು ಕ್ಷಮ್ಯ, ಒಡೆಯದ ಎಣ್ಣೆಯು ಅಕ್ಷಮ್ಯ. ಹಸುವಿನ ಹಾಲು ತೆಂಗಿನ ಹಾಲಿಗೆ ಪ್ರತಿನಿಧಿಯಾಗದಿರುವುದೂ ಇದರಿಂದಲೇ: ಬಣ್ಣವು ಒಂದಾದರೂ ಅದು ರೆಂಡಾಂಗಿನಲ್ಲಿ ಎಣ್ಣೆ ಬಿಟ್ಟು ಹುರಿಯುವ ಕ್ರಿಯೆಯನ್ನು ನಡೆಸಲಾರದು.

ಅದೇ ಪಾದದಲ್ಲಿ ಇನ್ನೊಂದು ಸೂಕ್ಷ್ಮವಾದ ನಿರ್ಣಯವಿದೆ. ಪ್ರತಿನಿಧಿಯಾಗಿ ತಂದ ದ್ರವ್ಯವೂ ನಷ್ಟವಾದರೆ, ಆಮೇಲೆ ಹುಡುಕಬೇಕಾದುದು ಮುಖ್ಯದ್ರವ್ಯಕ್ಕೆ ಸದೃಶವಾದುದನ್ನು, ಪ್ರತಿನಿಧಿಗೆ ಸದೃಶವಾದುದನ್ನಲ್ಲ. ಪರದೇಶದ ಪಾಕಶಾಲೆಗಳು ದಾರಿತಪ್ಪುವುದು ಬಹುಶಃ ಇಲ್ಲಿಯೇ. ನಾಸಿ ಲೆಮಾಕಿಗೆ ಪಾಂಡಾನ್ ಎಂಬ, ಕೇದಗೆಯ ಕುಲದ ಎಲೆಯನ್ನು ಗಂಟುಹಾಕಿ ಅನ್ನದಲ್ಲಿ ಇಡುವರು. ಎಲೆಯು ದೊರೆಯದೆ ಸೀಸೆಯ ಹಸುರು ಸಾರವು ಬಂದಿತು. ಸಾರವೂ ಮುಗಿದಾಗ ಸಾರದ ಹಸುರನ್ನೇ ಗುರಿಯಾಗಿಟ್ಟುಕೊಂಡು ಬರಿಯ ಬಣ್ಣವನ್ನು ಹಾಕುವವರುಂಟು. ಎಲೆಯನ್ನು ಇಟ್ಟದ್ದು ಬಣ್ಣಕ್ಕಾಗಿಯಲ್ಲ, ಕಂಪಿಗಾಗಿ. ಪಾಂಡಾನ್ ಎಲೆಯ ಕಂಪಿಗೂ ಬಾಸ್ಮತಿಯಂತಹ ಸುವಾಸನೆಯ ಅಕ್ಕಿಯ ಕಂಪಿಗೂ ಪ್ರಧಾನಕಾರಣವಾದ ವಸ್ತುವು ಒಂದೇ ಎಂದು ರಸಾಯನಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹಾಗಿರಲು ಎಲೆಯೂ ಸಾರವೂ ಇಲ್ಲದ ಅಡುಗೆಯವನು ಬಣ್ಣದ ಸೀಸೆಯನ್ನು ಬಿಟ್ಟು, ಒಳ್ಳೆಯ ಕಂಪಿನ ಅಕ್ಕಿಯನ್ನು ತಂದು ತೆಂಗಿನ ಹಾಲಿನಲ್ಲಿ ಬೇಯಿಸಿದರೆ, ಆ ಅನ್ನವು ಬೆಳ್ಳಗಿದ್ದರೂ ಅದನ್ನು ನಾಸಿ ಲೆಮಾಕ್ ಎಂದು ಕರೆಯಲು ನಾನು ಹಿಂಜರಿಯೆನು.