ಕಡಲ ಸೆಳೆತ: ಅಲೆಯಿಲ್ಲದ ಜಾಗದಲ್ಲೇ ಅಪಾಯ

ದಡಕ್ಕೆ ಬಂದು ಒಡೆಯುವ ಪ್ರತಿ ಅಲೆಯೂ ಒಂದಷ್ಟು ನೀರನ್ನು ದಡದತ್ತ ತಳ್ಳುತ್ತದೆ. ಹೀಗೆ ಸೇರಿದ ನೀರು ಕಡಲಿಗೆ ಮರಳಲೇಬೇಕು. ದಡದಿಂದ ತುಸು ದೂರದಲ್ಲಿ, ನೀರಿನ ಅಡಿಯಲ್ಲಿ, ಮರಳಿನ ದಿಬ್ಬಗಳಿರುತ್ತವೆ. ದಿಬ್ಬ ತುಂಡಾದ ಕಡೆ ಆಳ ಹೆಚ್ಚು, ಅಡ್ಡಿ ಕಡಿಮೆ. ಅಕ್ಕಪಕ್ಕದ ನೀರೆಲ್ಲ ದಡದುದ್ದಕ್ಕೂ ಹರಿದು ಆ ಕಂಡಿಯನ್ನು ಸೇರಿ, ಕಿರುಹೊಳೆಯಂತೆ ಹೊರಕ್ಕೆ ನುಗ್ಗುತ್ತದೆ. ಇದೇ ರಿಪ್ ಕರೆಂಟ್, ಅಂದರೆ ಕಡಲ ಸೆಳೆತ. ಬಂಡೆಗಳ ಪಕ್ಕದಲ್ಲಿ, ಕಡಲಿಗೆ ಚಾಚಿದ ಕಲ್ಲಿನ ತಡೆಗೋಡೆಗಳ ಬದಿಯಲ್ಲಿ ಕೂಡ ಇದು ಹುಟ್ಟುತ್ತದೆ.

ಸಾಮಾನ್ಯವಾಗಿ ಈ ಸೆಳೆತದ ವೇಗ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು. ಎರಡು ಮೀಟರ್ ದಾಟಿದ್ದೂ ಉಂಟು. ಒಲಿಂಪಿಕ್ ಈಜುಗಾರರ ವೇಗವೂ ಹೆಚ್ಚುಕಡಿಮೆ ಅಷ್ಟೇ, ಅದೂ ಈಜುಕೊಳದಲ್ಲಿ, ಸ್ವಲ್ಪ ಹೊತ್ತಿನ ಮಟ್ಟಿಗೆ. ಹಾಗಾಗಿ ಸೆಳೆತಕ್ಕೆ ಎದುರಾಗಿ ದಡದತ್ತ ಈಜುವವರು ಸೋಲುವುದು ಈಜು ಬಾರದೆ ಅಲ್ಲ, ಸುಸ್ತಾಗಿ.

ಇದರ ಅತಿ ದೊಡ್ಡ ಮೋಸ ಇದರ ನೋಟದಲ್ಲಿದೆ. ಆಳ ಹೆಚ್ಚಿರುವ ಕಂಡಿಯಲ್ಲಿ ಅಲೆ ಒಡೆಯುವುದು ಕಡಿಮೆ. ಎರಡೂ ಕಡೆ ಬಿಳಿ ನೊರೆ ಏಳುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಸಮತಟ್ಟಾಗಿ ಕಾಣುತ್ತದೆ. ಮಕ್ಕಳನ್ನು ಆಟಕ್ಕೆ ಬಿಡಲು ಹಿರಿಯರು ಅದೇ ಶಾಂತ ಜಾಗವನ್ನು ಆರಿಸಿಬಿಡುತ್ತಾರೆ. ನೊರೆ, ಕಸ, ಕಲಕಿದ ಮರಳು ಕಡಲಿನತ್ತ ಸಾಗುತ್ತಿದ್ದರೆ ಅದು ಸೆಳೆತದ ಸ್ಪಷ್ಟ ಗುರುತು. ನೀರಿಗಿಳಿಯುವ ಮುನ್ನ ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಇದೆಲ್ಲ ಕಣ್ಣಿಗೆ ಬೀಳುತ್ತದೆ.

ಕರ್ನಾಟಕದ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಮುಂಗಾರಿನ ಅಲೆಗಳು ದಡದ ಮರಳನ್ನು ಕೊರೆದು ನೀರಿನಡಿಯ ದಿಬ್ಬಗಳಿಗೆ ಸೇರಿಸುತ್ತವೆ. ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ ಎಲ್ಲರಿಗೂ ಗೊತ್ತು. ಆದರೆ ಮಳೆ ನಿಂತ ದಿನವೇ ಮರಳು ದಡಕ್ಕೆ ಮರಳುವುದಿಲ್ಲ. ಅದಕ್ಕೆ ವಾರಗಳೇ, ತಿಂಗಳುಗಳೇ ಬೇಕು. ಶುಭ್ರ ಆಕಾಶದ ಚಳಿಗಾಲವೂ ಸುರಕ್ಷತೆಯ ಭರವಸೆಯಲ್ಲ. 2024ರ ಡಿಸೆಂಬರ್‌ನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಪ್ರಾಣ ಕಳೆದುಕೊಂಡರು. ಒಳನಾಡಿನ ಮಕ್ಕಳಿಗೆ ಕಡಲಿನ ಪರಿಚಯ ಮಾಡಿಸದೆ ಅವರನ್ನು ದಡಕ್ಕೆ ಕರೆತರುವುದು ತಪ್ಪು. ಪ್ರವಾಸದ ತಯಾರಿಯಲ್ಲಿ ಊಟ, ಬಸ್ಸಿನಷ್ಟೇ ಈ ಪಾಠಕ್ಕೂ ಜಾಗ ಬೇಕು.

ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಉದ್ದನೆಯ ಅಲೆಗಳು ಕೆಲವು ದಿನಗಳ ಬಳಿಕ ನಮ್ಮ ದಡ ತಲುಪುತ್ತವೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಇಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ಬಂಡೆಯ ತುದಿಯಲ್ಲಿ ಫೋಟೊಗೆ ನಿಲ್ಲುವವರು ನೆನಪಿಡಬೇಕಾದದ್ದೂ ಇದೇ: ಸಣ್ಣ ಅಲೆಗಳ ಸಾಲಿನ ನಡುವೆ ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ನದಿ ಕಡಲನ್ನು ಸೇರುವ ಅಳಿವೆಗಳಲ್ಲಿ, ಮುಖ್ಯವಾಗಿ ಇಳಿತದ ಹೊತ್ತಿನಲ್ಲಿ, ನದಿಯ ಹರಿವಿಗೆ ಕಡಲ ಇಳಿತವೂ ಕೂಡಿಕೊಳ್ಳುವುದರಿಂದ ಅಲ್ಲಿ ಈಜಲೇಬಾರದು. ಜೀವರಕ್ಷಕರಿರುವ ಕಡೆ ಕೆಂಪು-ಹಳದಿ ಬಾವುಟಗಳ ನಡುವಿನ ನೀರು ಅವರ ಕಾವಲಿನಲ್ಲಿರುತ್ತದೆ. ಪೂರ್ತಿ ಕೆಂಪು ಬಾವುಟ ಹಾರುತ್ತಿದ್ದರೆ ನೀರು ಅಪಾಯದ್ದು.

ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅಲೆಗಳು ಒಡೆಯುವ ಸಾಲು ದಾಟಿದ ಮೇಲೆ ಸಾಮಾನ್ಯವಾಗಿ ಅದರ ಬಲ ಕುಗ್ಗುತ್ತದೆ. ಸಿಕ್ಕಿಬಿದ್ದವರು ಮೊದಲು ಅಂಗಾತ ಮಲಗಿ ತೇಲುತ್ತ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳಬೇಕು, ಕೈಯೆತ್ತಿ ಸಹಾಯ ಕೇಳಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ, ಬಿಳಿ ನೊರೆಯ ಕಡೆಗೆ ಹೊರಳಿ, ಅಲೆಗಳ ಜೊತೆಗೇ ಒಳಬರಬಹುದು.

ದಡದಲ್ಲಿದ್ದವರು ಕೂಡಲೇ ನೀರಿಗೆ ಹಾರುವುದು ಅತ್ಯಂತ ಸಹಜ, ಅಷ್ಟೇ ಅಪಾಯಕರ. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಹಲವರು ಮುಳುಗುವುದು ಹೀಗೆಯೇ. ಜೀವರಕ್ಷಕರನ್ನು ಕೂಗಬೇಕು, 112ಕ್ಕೆ ಕರೆ ಮಾಡಬೇಕು. ಹಗ್ಗ, ಖಾಲಿ ಕ್ಯಾನು, ಟ್ಯೂಬು, ತೇಲುವಂಥದ್ದೇನಿದ್ದರೂ ಎಸೆಯಬೇಕು. ಮುಳುಗುವವರು ಕೂಗುತ್ತಾರೆಂದು ಕಾಯಬಾರದು. ಉಸಿರಿಗೇ ಹೋರಾಡುವವರಿಗೆ ದನಿ ಹೊರಡುವುದಿಲ್ಲ.

ಮೇಲೆತ್ತಿದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ಹೊರಗೆಡಹುವುದು ತಪ್ಪು. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಬಹುದು. ಅವರಿಗೆ ಮೊದಲು ಬೇಕಾದದ್ದು ಆಮ್ಲಜನಕ. ತರಬೇತಿ ಇದ್ದವರು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಬಳಿಕ ಎದೆ ಒತ್ತುವುದನ್ನು ಆರಂಭಿಸಬೇಕು. ಮೂವತ್ತು ಒತ್ತು, ಎರಡು ಉಸಿರು, ಹೀಗೆ ನೆರವು ಬರುವವರೆಗೆ. ಉಸಿರಾಟ ಮರಳಿ ಎದ್ದು ಕುಳಿತವರನ್ನೂ ಆಸ್ಪತ್ರೆಗೆ ಒಯ್ಯಲೇಬೇಕು, ಏಕೆಂದರೆ ಉಪ್ಪುನೀರು ಸೇರಿದ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ಉಲ್ಬಣಿಸಬಹುದು.